ಅಕ್ಕನ ಒಂಬತ್ತು ಗಂಟೆ

ಮಾರ್ಚ್ ೧೨, ಗುರುವಾರ

"ನಿಂಗೆ ತಾಳ್ಮೆ ಇಲ್ಲ ಅಷ್ಟೇ" ಅಂತ ಎರಡು ವಾರದಿಂದ ಅಕ್ಕನಿಗೆ ಅನ್ನುತ್ತಾ ಬಂದೆನಲ್ಲ, ಅದೇ ಚುಚ್ಚುತ್ತಿದೆ. ಆಸ್ಪತ್ರೆಯ ಚಿತ್ರಗಳನ್ನೆಲ್ಲ ಕೂಡಿಡುವ ಕಂಪ್ಯೂಟರ್ ಡಿಸ್ಕ್‌ಗಳನ್ನು ನೋಡಿಕೊಳ್ಳುವವಳು ನಾನು, ಅಲ್ಲೇ ಎಕ್ಸ್‌ರೇ ತೆಗೆಯುವವಳು ಅವಳು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಚಿತ್ರಗಳು ತೆರೆಯೋದೇ ಇಲ್ಲ ಅಂತ ಅವಳ ಗೋಳು. ಡಿಸ್ಕ್ ಒಂದು ಸಲ ಓದೋಕೆ ದಿನದ ಸರಾಸರಿ ಹತ್ತೇ ಮಿಲಿಸೆಕೆಂಡು ಅಂತ ನನ್ನ ಜಂಬ.

ಇವತ್ತು ಒಂಬತ್ತಕ್ಕೆ ಹೋಗಿ ಅವಳ ಪಕ್ಕ ಕೂತೆ. ಮಣಿಕಟ್ಟು ಮುರಿದುಕೊಂಡ ಅಜ್ಜಿಯೊಬ್ಬರ ಚಿತ್ರ ತೆರೆಯಲು ನಲವತ್ತು ಸೆಕೆಂಡು ಹಿಡಿಯಿತು. ಡಾಕ್ಟರು ಅಕ್ಕನನ್ನೇ ಗದರಿದರು. ಅವಳು ಅಜ್ಜಿಯ ಮೊಮ್ಮಕ್ಕಳ ಸುದ್ದಿ ಕೇಳುತ್ತಾ ನೋವು ಮರೆಸುತ್ತಿದ್ದಳು.

ಓಡಿಬಂದು ಆ ಒಂದು ಗಂಟೆಯ ಅಂಕಿಗಳನ್ನಷ್ಟೇ ನೋಡಿದೆ. ಇನ್ನೂರು ಮಿಲಿಸೆಕೆಂಡು! ಒಂದು ಚಿತ್ರಕ್ಕೆ ಡಿಸ್ಕ್ ಇನ್ನೂರು ಸಲ ಓದಬೇಕು, ಅಲ್ಲಿಗೆ ನಲವತ್ತು ಸೆಕೆಂಡು. ಉಳಿದ ಗಂಟೆಗಳೆಲ್ಲ ಸೇರಿ ಸರಾಸರಿಯಲ್ಲಿ ಅದನ್ನು ಮುಚ್ಚಿಹಾಕಿದ್ದವು. ಬ್ಯಾಕಪ್ಪು, ಅಂದರೆ ಎಲ್ಲದರ ನಕಲು ತೆಗೆಯೋ ಕೆಲಸ, ಡಿಸ್ಕನ್ನೇ ಹಿಡಿದಿಟ್ಟುಕೊಳ್ಳುತ್ತದೆ; ರಾತ್ರಿ ಒಂಬತ್ತಕ್ಕೆ ಇಡಬೇಕಿದ್ದ ಅದನ್ನು ಎರಡು ವಾರದ ಹಿಂದೆ ನಾನೇ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟಿದ್ದೆ. ತಕ್ಷಣ ನಿಲ್ಲಿಸಿದೆ.

ಅಕ್ಕನ ಫೋನು ಬಂತು. "ಪಟ್ ಅಂತ ತೆರೀತು ಕಣೇ! ಏನ್ ಮಾಡ್ದೆ?"

"ತಪ್ಪು ನಂದೇ ಅಕ್ಕ."

ಅವಳು ದನಿ ತಗ್ಗಿಸಿದಳು. "ಡಾಕ್ಟರ ಹತ್ರ ಹೇಳ್ಬೇಡ, ನಿಂಗೆ ಬೈತಾರೆ."

ಎರಡು ವಾರ ಬೈಸಿಕೊಂಡವಳು ಅವಳು! ನಾಳೆ ಮೊದಲು ಹೋಗಿ ಡಾಕ್ಟರಿಗೆ ನಾನೇ ಹೇಳುತ್ತೇನೆ. ಯಾಕೆ ಹೇಳಿದೆ ಅಂತ ಅಕ್ಕ ರೇಗಿದರೆ ರೇಗಲಿ, ಅವಳ ಕೈಲಿ ಬೈಸಿಕೊಳ್ಳೋದು ನನಗೇನು ಹೊಸದೇ?