ಇದೇ ಬಾಯಿಗೆ ಪ್ರಸಾದ

ಆನೆಕೊಂಡ, ದಾವಣಗೆರೆ
6 ಮೇ 2025

ಪ್ರೀತಿಯ ಆರೋಗ್ಯಕ್ಕನಿಗೆ,

ನಿನ್ನ ತಂಗಿ ಸೆಲಿನ್ ಮಾಡುವ ವಂದನೆ. ಅವ್ವ ಹೇಗಿದ್ದಾಳೆ? ನಿನ್ನ ಹೊಟ್ಟೆನೋವು? ಒಂದೂವರೆ ತಿಂಗಳಿಂದ ನಾನಾಗಿ ಒಂದು ಫೋನೂ ಮಾಡಿಲ್ಲ, ಎಷ್ಟು ಬೇಕಾದರೂ ಬೈದುಕೋ. ಹರಿಹರ ಅರ್ಧ ಗಂಟೆಯ ಹಾದಿ, ಇವಳು ನೋಡಿದರೆ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿನಲ್ಲಾದರೆ ಮತ್ತೊಂದು ಸುಳ್ಳು ಹೇಳಿಬಿಡುತ್ತೇನೆ. ನನ್ನ ಹಣೆಬರಹ ನನಗೆ ಗೊತ್ತು.

ಮೊದಲು ಸಿಹಿ ಸುದ್ದಿ. ಈ ಭಾನುವಾರ ನಮ್ಮ ಜೆಸಿಂತಾಳ ಮೊದಲ ಪರಮಪ್ರಸಾದ. ಬಿಳಿ ಫ್ರಾಕು ನಾನೇ ಹೊಲಿದೆ. ಎಂಟು ವರ್ಷಕ್ಕೇ ಎಷ್ಟು ಉದ್ದ ಬೆಳೆದಿದ್ದಾಳೆಂದರೆ ಎರಡು ಸಲ ಅಂಚು ಬಿಚ್ಚಬೇಕಾಯಿತು.

ಹೋದ ಶನಿವಾರ ಅವಳ ಮೊದಲ ಪಾಪನಿವೇದನೆ. ಹಿಂದಿನ ದಿನ ಅಡುಗೆಮನೆಯಲ್ಲಿ ಕೂತು, ಫಾದರ್ ಹತ್ತಿರ ಹೇಳಬೇಕಾದ ತಪ್ಪುಗಳ ಚೀಟಿ ಬರೆಯುತ್ತಿದ್ದಳು. ಇಣುಕಿ ನೋಡಿದೆ. ಶಾಲೆಯ ಚಾಕ್‌ಪೀಸ್ ಮನೆಗೆ ತಂದದ್ದು, ಜಪಮಾಲೆಯ ಹೊತ್ತಿಗೆ ನಿದ್ದೆ ಹೋದದ್ದು. ಮೂರನೆಯದು, ದೊಡ್ಡಮ್ಮ ಬಂದಾಗ ಅಮ್ಮ ಮನೆಯಲ್ಲಿಲ್ಲ ಎಂದು ಸುಳ್ಳು ಹೇಳಿದ್ದು.

ಹೌದಕ್ಕ. ಮಾರ್ಚಿನಲ್ಲಿ ನೀನು ಬಂದಾಗ ನಾನು ಮನೆಯಲ್ಲೇ ಇದ್ದೆ. ನಿನ್ನ ಆಪರೇಷನ್ ಇದೆ, ಎರಡು ತಿಂಗಳು ಅವ್ವನನ್ನು ಇಟ್ಟುಕೋ ಎಂದು ಕೇಳಲು ಬರುತ್ತೀಯೆಂದು ಭಾವ ಮೊದಲೇ ಫೋನಿನಲ್ಲಿ ಹೇಳಿದ್ದರು. ಲಕ್ವ ಹೊಡೆದ ಅವ್ವನ ಮೈ ತೊಳೆಯಲು ನನಗೆ ಹೇಸಿಗೆ. ಹೊಲಿಗೆ ಕೆಲಸ, ಚಿಕ್ಕ ಮನೆ ಅನ್ನುವುದೆಲ್ಲ ನೆಪ. ಮಗುವನ್ನು ಬಾಗಿಲಿಗೆ ಕಳಿಸಿ ರೂಮಿನಲ್ಲಿ ಅಡಗಿದೆ.

ಅದೊಂದು ಹೊಡೆದುಹಾಕು, ಹೇಳಿಕೊಟ್ಟವಳು ನಾನು, ಅದು ನಿನ್ನ ಪಾಪವಲ್ಲ ಎಂದು ಮಗಳಿಗೆ ಹೇಳಿದೆ. ಇವರೂ ಪೇಪರ್ ಓದುತ್ತಲೇ ನನಗೆ ಹೂಂಗುಟ್ಟಿದರು. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ.

"ಹೇಳಿದ್ದು ನನ್ ಬಾಯಿ ಅಲ್ಲೇನಮ್ಮ? ಇದೇ ಬಾಯಿಗೆ ಪ್ರಸಾದ ತಗಬೇಕಲ್ಲ," ಅಂದಳು.

ಚರ್ಚಿನಿಂದ ಹಿಂತಿರುಗುವಾಗ ಕೇಳಿದೆ, ಫಾದರ್ ಹತ್ತಿರ ನನ್ನ ಹೆಸರು ಹೇಳಿದೆಯಾ ಎಂದು. ನೋಡು ನನ್ನ ಬುದ್ಧಿ!

"ಇಲ್ಲಮ್ಮ. ಬ್ಯಾರೆಯೋರ ಪಾಪ ಹೇಳಬಾರ್ದಂತೆ, ಸಿಸ್ಟರ್ ಹೇಳ್ಯಾರೆ. ನಂದು ನಾನು ಹೇಳೀನಿ. ನಿಂದು ನೀನೇ ಹೇಳ್ಬೇಕು."

ಆ ಸಂಜೆ ಅವಳ ಮಾತನ್ನು ಇವರಿಗೂ ಹೇಳಿದೆ. ಶಿಲುಬೆ ಗುರುತು ಹಾಕುವುದನ್ನು ಅವಳಿಗೆ ಕಲಿಸಿದವರು ನಾವು. ಅದನ್ನು ನಿಜವಾಗಿ ನಂಬಿದವಳು ಅವಳು. ಮರುದಿನ ಭಾನುವಾರದ ಪೂಜೆ ಮುಗಿಸಿ ಬಂದವರೇ ಇವರು ಅವ್ವನಿಗೆಂದು ಅಟ್ಟದ ಮೇಲಿನ ಮಂಚ ಇಳಿಸಿ ಜೋಡಿಸಿದರು. ಜೆಸಿಂತಾ ತನ್ನ ದಿಂಬನ್ನೇ ತಂದು ಅದರ ಮೇಲಿಟ್ಟಳು. ನಿನ್ನೆ ನಾನೂ ಫಾದರ್ ಮುಂದೆ ಮೊಣಕಾಲೂರಿ ನನ್ನದು ಹೇಳಿಕೊಂಡೆ. ಆದರೆ ನಿನಗೆ ಹೇಳದೆ ಅದು ಮುಗಿಯುವುದಿಲ್ಲ.

ಶನಿವಾರ ಬೆಳಗ್ಗೆ ಹತ್ತಕ್ಕೆ ಕಾರು ಮಾಡಿಕೊಂಡು ಬರುತ್ತೇವೆ. ಅವ್ವನನ್ನು ಕರೆದುಕೊಂಡೇ ಹೊರಡುವುದು. ಎರಡು ತಿಂಗಳಿಗಲ್ಲ, ನೀನು ಪೂರ್ತಿ ಚೇತರಿಸಿಕೊಳ್ಳುವ ತನಕ. ನೀನು ಸಿಟ್ಟಿನಿಂದ ಬಾಗಿಲು ಹಾಕಿಕೊಂಡರೆ ಹೊಸ್ತಿಲಲ್ಲೇ ಕೂರುತ್ತೇನೆ. ಹೇಸಿಗೆ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ, ಮೂಗು ಮುಚ್ಚಿಕೊಂಡಾದರೂ ಮಾಡುತ್ತೇನೆ. ಮುಂದಕ್ಕೆ ಹಾಕಿದ ಆಪರೇಷನ್ನಿಗೆ ಡಾಕ್ಟರ ಹತ್ತಿರ ಇವತ್ತೇ ದಿನ ಕೇಳು.

ಆರೋಗ್ಯಮಾತೆ ನಿನ್ನನ್ನು ಕಾಯಲಿ. ನನ್ನ ಮಗಳ ತಲೆಯ ಮೇಲೆ ನಿನ್ನ ಕೈಯಿರಲಿ.

ನಿನ್ನ ತಂಗಿ,
ಸೆಲಿನ್

ತಾ.ಕ.: ಮಗಳ ಚೀಟಿಯಲ್ಲಿ ಇಲ್ಲದ್ದು ಒಂದಿದೆ. ಆ ದಿನ ನೀನು ಅವ್ವನನ್ನೂ ಕರೆತಂದಿದ್ದೆ. ಮರುದಿನ ಫೋನಿನಲ್ಲಿ ಅದನ್ನು ಹೇಳಲಿಲ್ಲ, ನಾನು ನೊಂದುಕೊಳ್ಳುತ್ತೇನೆಂದು. ರೂಮಿನ ಕಿಟಕಿಯಿಂದ ನಾನು ನೋಡಿದ್ದೆ. ಅವ್ವ ಆಟೊದಲ್ಲಿ ಕೂತಿದ್ದಳು, ಮಡಿಲಲ್ಲಿ ಬಟ್ಟೆಯ ಗಂಟು. ಆಟೊ ತಿರುಗುವಾಗ ಅವಳ ಕಣ್ಣು ನೇರ ನನ್ನ ಮೇಲೆ ಬಿತ್ತು. ನನ್ನನ್ನು ಕಂಡದ್ದನ್ನು ಅವಳು ನಿನಗೂ ಹೇಳಿಲ್ಲ ಅಂದರೆ ಯಾರಿಗೂ ಹೇಳಿಲ್ಲ. ಸ್ವಾಧೀನವಿರುವ ಎಡಗೈ ಎತ್ತಿ, ನನ್ನ ಕಡೆಗೆ ಶಿಲುಬೆ ಗುರುತು ಹಾಕಿ ಹೋದಳು.