ಬಾಗಿದ ಗಾಜಿನಲ್ಲಿ ಒಂದು ಅಂಗೈ

ಭಟ್ಟಿಯ ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಗಂಟಲು ಕಟ್ಟಿಕೊಂಡಿದೆ ಎಂದು ನಿಮ್ಮಣ್ಣ ಫೋನಿನಲ್ಲಿ ಹೇಳಿದ. ಈಗ ವಾಸಿಯಾಯಿತೆ? ಬೈಯುವ ಮಾವ ಹತ್ತಿರವಿಲ್ಲವೆಂದು ತಣ್ಣೀರು ಕುಡಿಯಬೇಡ. ನನ್ನ ಮೊಣಕಾಲು ಹಾಗೇ ಇದೆ, ಏಳುವಾಗ ಒಂದು ಮಾತು, ಕೂರುವಾಗ ಇನ್ನೊಂದು ಮಾತು ಆಡುತ್ತದೆ. ನಿಮ್ಮತ್ತೆ ಚೆನ್ನಾಗಿದ್ದಾಳೆ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ನಿನ್ನ ಹತ್ತಿರ ಸುಳ್ಳೇಕೆ?

ನಿನ್ನ ಗಂಡ ಕೊನೆಯದಾಗಿ ಬಾಗಿಸಿದ ಗಾಜುಗಳು ನೆನಪಿವೆಯಲ್ಲ, ಹೊಸ ಗ್ರಂಥಾಲಯದ ಸುತ್ತುಮೆಟ್ಟಿಲಿನವು? ಒಂದರ ಹಾಗೆ ಇನ್ನೊಂದಿಲ್ಲ, ಒಂದೊಂದಕ್ಕೂ ಬೇರೆ ಅಚ್ಚು. "ಇದು ಗಾಜಲ್ಲಪ್ಪ, ಹಟಮಾರಿ ಮಕ್ಕಳ ಶಾಲೆ" ಅನ್ನುತ್ತಿದ್ದ. ಅವನ್ನು ಕಟ್ಟಡಕ್ಕೆ ಕೂರಿಸುವ ಹೊತ್ತಿಗೆ ಜ್ವರ ಅವನನ್ನು ತೆಗೆದುಕೊಂಡು ಹೋಗಿತ್ತು. ಗ್ರಂಥಾಲಯ ತೆರೆದ ಮೇಲೆ ಅಲ್ಲಿನ ಕಾವಲುಗಾರ ನನ್ನನ್ನು ಹುಡುಕಿಕೊಂಡು ಬಂದ. "ಯಜಮಾನ್ರೇ, ನಿಮ್ ಗಾಜಲ್ಲಿ ಯಾರೋ ಇದಾರೆ. ಬೆಳಗ್ಗೆ ಗೋಡೆ ಮೇಲೆ ಕೈ ಇಡ್ತಾರೆ. ಆ ಮೆಟ್ಲು ಬೇಕಾದ್ರೆ ನೀವು ಹತ್ತಿ, ನಾನಂತೂ ಹತ್ತಲ್ಲ" ಅಂದ. ನಕ್ಕುಬಿಟ್ಟೆ. ಹೋಗಿ ನೋಡಿದ ಮೇಲೆ ನಗು ಬರಲಿಲ್ಲ.

ಅವುಗಳಲ್ಲಿ ಒಂದು ಗಾಜು, ನೋಡಿದರೆ ನೀರಿನಷ್ಟು ತಿಳಿ. ಬಿಸಿಲು ಅದರೊಳಗಿಂದ ಹಾಯ್ದಾಗ ಎದುರಿನ ಬಿಳಿ ಗೋಡೆಯ ಮೇಲೆ ಒಂದು ಅಂಗೈ ಏಳುತ್ತದೆ, ಬೆರಳು ಬಿಡಿಸಿಕೊಂಡು, ಯಾರನ್ನೋ ತಡೆಯುವ ಹಾಗೆ. ಸೂರ್ಯ ಮೇಲೇರಿದಂತೆ ಅದು ಗೋಡೆಯ ಮೇಲೆ ಕೆಳಗಿಳಿಯುತ್ತದೆ, ಬೆರಳುಗಳು ಉದ್ದವಾಗುತ್ತವೆ, ಆಮೇಲೆ ಇಲ್ಲವಾಗುತ್ತದೆ. ನನಗೆ ಕಾರಣ ಗೊತ್ತು. ಅಚ್ಚಿನ ಮೇಲೆ ಶಾಖ ತಡೆಯುವ ಬಟ್ಟೆ ಹಾಸಿದ ಮೇಲೆ ಕುಂಚದಿಂದಲೇ ಸವರಬೇಕು, ಕೈ ಒತ್ತಬಾರದು. ಒತ್ತಿದರೆ ಬಟ್ಟೆ ತಗ್ಗುತ್ತದೆ, ಕಾದು ಮೆತ್ತಗಾಗಿ ಕುಸಿಯುವ ಗಾಜು ಆ ತಗ್ಗನ್ನು ಉಳಿಸಿಕೊಳ್ಳುತ್ತದೆ. ಕಾರಣ ಗೊತ್ತಿದ್ದೂ ನನ್ನ ಕುತ್ತಿಗೆಯ ಹಿಂದೆ ತಣ್ಣಗಾಯಿತು, ಮಗಳೇ.

ಮನೆಗೆ ಬಂದು ನಿಮ್ಮತ್ತೆಗೆ ಹೇಳಿದ್ದೇ ತಪ್ಪಾಯಿತು. ಅವಳಿಗದು ಮಗನ ಕೈ. ಈಗ ದಿನಾ ಬೆಳಗ್ಗೆ ಹೋಗುತ್ತಾಳೆ. ಗೋಡೆಯ ಮೇಲಿನ ಕೈಗೆ ತನ್ನ ಕೈ ಇಟ್ಟು, ಅದು ಇಳಿದಂತೆ ತಾನೂ ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ. "ಇವತ್ತು ಬೆಚ್ಚಗಿತ್ತು ಕಣ್ರೀ" ಅನ್ನುತ್ತಾಳೆ. ಮೋಡ ಮುಸುಕಿದ ದಿನ ಊಟ ಮುಟ್ಟುವುದಿಲ್ಲ. ಓದಲು ಬರುವವರು ಅವಳನ್ನು ಕಂಡು ದಾರಿ ಬಿಟ್ಟು ನಿಲ್ಲುತ್ತಾರೆ. ಗಾಜಿನೊಳಗಿನವರಿಗಿಂತ ಅವಳನ್ನು ಕಂಡರೇ ಅವರಿಗೆ ಹೆಚ್ಚು ಭಯ.

ಆ ಕಟ್ಟಡದ ಇಂಜಿನಿಯರು ಒಳ್ಳೆಯ ಮನುಷ್ಯ. ಅಚ್ಚು ನಿಮ್ಮಲ್ಲೇ ಇದೆ, ಬೇರೊಂದು ಬಾಗಿಸಿಕೊಡಿ, ಹಳೆಯದನ್ನು ತೆಗೆಯುತ್ತೇವೆ ಅನ್ನುತ್ತಾರೆ. ಕೂರಿಸಿದ ಗಾಜು ಇಡಿಯಾಗಿ ಹೊರಬರುವುದಿಲ್ಲ, ಒಡೆದೇ ತೆಗೆಯಬೇಕು. ಒಡೆದರೆ ಇವಳು ಉಳಿಯುತ್ತಾಳೋ ಇಲ್ಲವೋ. ಬಿಟ್ಟರೆ ಒಂದು ದಿನ ಆ ಕೈಯ ಹಿಂದೆಯೇ ಹೊರಟುಹೋಗುತ್ತಾಳೆ. ನಾಳೆ ನಾಡಿದ್ದು ಎನ್ನುತ್ತ ನಾನು ದಿನ ತಳ್ಳುತ್ತಿದ್ದೇನೆ.

ನೀನು ತವರಿಗೆ ಹೊರಟ ದಿನ ಅವಳು "ಅವನೇ ಇಲ್ದ ಮೇಲೆ ನೀನ್ಯಾರು ನಮ್ಗೆ" ಅಂದದ್ದನ್ನು ನಾನೂ ಮರೆತಿಲ್ಲ, ನೀನು ಮರೆಯಬೇಕೆಂದೂ ಹೇಳುವುದಿಲ್ಲ. ದುಃಖಕ್ಕೆ ಕೈಗೆ ಸಿಕ್ಕವರನ್ನೇ ಹೊಡೆಯುವ ಬುದ್ಧಿ.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ತುಂಬ ನಿದ್ದೆ ಮಾಡು. ನೂರು ಕಾಲ ಬಾಳು.

ನಿನ್ನ
ಮಾವ

ಮರೆತದ್ದಲ್ಲ, ಲಕೋಟೆ ಅಂಟಿಸುವವರೆಗೂ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಗೋಡೆಗೆ ಕಣ್ಣು ಹತ್ತಿರವಿಟ್ಟು ನೋಡಿದೆ. ಆ ಕೈಗೆ ಉಂಗುರವಿದೆ. ಭಟ್ಟಿಯ ಮುಂದೆ ನಿಲ್ಲುವ ನಾವು ಉಂಗುರ ಹಾಕುವುದಿಲ್ಲ, ಅವನು ಮದುವೆಯ ಮರುದಿನವೇ ತೆಗೆದಿಟ್ಟಿದ್ದ. ಜ್ವರದಲ್ಲಿ ಅವನು ಬಟ್ಟೆ ಹಾಸುವಾಗ ಇನ್ನೊಂದು ಅಂಚು ಹಿಡಿದವಳು ನೀನು. ನೀನ್ಯಾರು ಅಂದವಳು ದಿನವೂ ನಿನ್ನ ಕೈ ಹಿಡಿದೇ ಅಳುತ್ತಿದ್ದಾಳೆ. ನಾನು ಹೇಳಿದರೆ ನಂಬುವುದಿಲ್ಲ. ನೀನು ಬಾ. ಏನೂ ಹೇಳಬೇಡ, ಬಿಸಿಲು ಬೀಳುವ ಹೊತ್ತಿಗೆ ಅವಳ ಪಕ್ಕದಲ್ಲಿ ನಿಂತು ನಿನ್ನ ಕೈ ಚಾಚು. ಅವಳು ಗೋಡೆಯನ್ನು ಬಿಟ್ಟು ಅದನ್ನು ಹಿಡಿದ ದಿನ ನಾನು ಹೊಸ ಗಾಜಿಗೆ ಭಟ್ಟಿ ಹೊತ್ತಿಸುತ್ತೇನೆ.