ಉಪ್ಪಿನಕಾಯಿ ಜಾಡಿಯ ಕಲ್ಲುಗುಂಡು

ಸುನಂದಾ,

ಈ ಮನೆಗೆ ಕಾಲಿಡಬೇಡ ಎಂದು ನಿನಗೆ ಹೇಳಿದವಳು ನಾನೇ. ಹಾಗಾಗಿ ಈ ಕಾಗದವನ್ನು ಕಳಿಸುವುದಿಲ್ಲ. ನಡೆದದ್ದನ್ನು ಬರೆದಿಡುತ್ತೇನೆ, ಅಷ್ಟೇ.

ಇವತ್ತು ಬೆಳಿಗ್ಗೆ ಇಬ್ಬರು ಕೋಲಾರದಿಂದ ಸೈಕಲ್ ತುಳಿದುಕೊಂಡು ಬಂದು ನೀರು ಕೇಳಿದರು. ಗಂಡ ಹೆಂಡತಿಯಂತೆ. ಇಬ್ಬರಿಗೂ ಒಂದೇ ಥರದ ಚಡ್ಡಿ. ಹೈದರನ ಕಾಲದ ಯುದ್ಧ ನಡೆದ ಜಾಗಗಳನ್ನು ನೋಡುತ್ತಾ ಮುಳಬಾಗಿಲಿಗೆ ಬಂದರಂತೆ. ನಾನು ನಂಬಲಿಲ್ಲ. ಹೋದ ವರ್ಷ ನಮ್ಮ ಬೆಟ್ಟದಲ್ಲಿ ನಿಧಿಗೆಂದು ಅಗೆದವರೂ ಹೀಗೆಯೇ ನೀರು ಕೇಳಿಕೊಂಡು ಬಂದಿದ್ದರು.

ಚೊಂಬು ಕೊಟ್ಟು ಬಾಗಿಲಿಗೆ ಅಡ್ಡ ನಿಂತೆ. ಆ ಹುಡುಗಿ ಒಳಗೆ ಇಣುಕಿ, "ಅಜ್ಜೀ, ಆ ಫಿರಂಗಿ ಗುಂಡು ಇನ್ನೂ ಉಪ್ಪಿನಕಾಯಿ ಜಾಡೀಲೇ ಇದೆಯಾ?" ಎಂದಳು.

"ಅದನ್ನ ಯಾರೇ ಹೇಳಿದ್ದು ನಿಂಗೆ? ಏನ್ ಎತ್ಕೊಂಡು ಹೋಗೋಕೆ ಬಂದಿದ್ದೀರಾ?"

"ಸುನಂದಾ ಮಿಸ್ಸು, ಅಜ್ಜಿ. ನಮಗೆ ಹಿಸ್ಟರಿ ಹೇಳ್ಕೊಟ್ಟೋರು. 'ನಮ್ಮಮ್ಮ ಹೈದರನ ಗುಂಡಲ್ಲೇ ಮಾವಿನಕಾಯಿ ಅದುಮಿಡ್ತಾರೆ' ಅಂತ ಪ್ರತಿ ವರ್ಷ ಹೇಳ್ತಿದ್ರು."

ನಾನು ಬಾಗಿಲಿನಿಂದ ಸರಿದೆ. ಜಾಡಿಯ ಬಟ್ಟೆ ಬಿಚ್ಚಿ ಗುಂಡನ್ನು ತೋರಿಸಿದೆ.

ಹೊರಡುವಾಗ ಅವಳು, "ಮಿಸ್ಸಿಗೆ ಏನಾದ್ರೂ ಹೇಳ್ಬೇಕಾ ಅಜ್ಜಿ?" ಎಂದು ಕೇಳಿ ಕಾದು ನಿಂತಳು.

"ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ, ನೋಡ್ಕೊಂಡು ಹೋಗಿ" ಎಂದೆ.